ವಿಲಿಯಮ್ಸ್ ಸಿಂಡ್ರೋಮ್ ಎಂದರೇನು? ಅದು ತಂದೆ-ತಾಯಿಯಿಂದ ಬರುತ್ತದೆಯೇ?

ವರ್ಣತಂತುವಿನ ದೋಷದಿಂದ ಹುಟ್ಟಿನಿಂದಲೇ ಇರುವ ಸ್ಥಿತಿ ಇದು. ತಂದೆ-ತಾಯಿಯಿಂದ ಬರುತ್ತದೆಯೇ ಎಂದರೆ, ಬಹುತೇಕ ಇಲ್ಲ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗಲೇ 7ನೇ ವರ್ಣತಂತುವಿನ (ಕ್ರೋಮೋಸೋಮ್) ಸಣ್ಣ ತುಣುಕೊಂದು ಆಕಸ್ಮಿಕವಾಗಿ ಕಳೆದುಹೋಗಿರುತ್ತದೆ. ತಾಯಿ ಗರ್ಭಿಣಿಯಾಗಿದ್ದಾಗ ತಿಂದದ್ದಕ್ಕೂ ನೋಡಿದ ಗ್ರಹಣಕ್ಕೂ ಸಂಬಂಧವಿಲ್ಲ. ಆದರೆ ಸಿಂಡ್ರೋಮ್ ಇರುವವರಿಗೆ ಮಕ್ಕಳಾದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50.

ಕಳೆದುಹೋದ ಸುಮಾರು 25ರಿಂದ 28 ಜೀನ್‌ಗಳಲ್ಲಿ ಎಲಾಸ್ಟಿನ್ ಜೀನ್ ಒಂದು. ರಕ್ತನಾಳಗಳಿಗೆ ಹಿಗ್ಗುವ ಗುಣ ಕೊಡುವುದು ಆ ಜೀನ್ ತಯಾರಿಸುವ ಎಲಾಸ್ಟಿನ್ ಪ್ರೋಟೀನ್. ಹಾಗಾಗಿ ಹಲವು ಮಕ್ಕಳಲ್ಲಿ ಹೃದಯದಿಂದ ರಕ್ತ ಒಯ್ಯುವ ಮಹಾಪಧಮನಿಯು ಕವಾಟದ ತುಸು ಮೇಲೆ ಕಿರಿದಾಗಿರುತ್ತದೆ. ಅಗಲ ಬಾಯಿ, ತುಂಬಿದ ತುಟಿ, ಮೊಂಡು ಮೂಗು ಹೊರಲಕ್ಷಣಗಳು.

ಮಾತು, ನಡಿಗೆ ತಡ. ಮಾತು ಬಂದ ಮೇಲೆ ಅಪರಿಚಿತರೊಡನೆಯೂ ಹರಟೆ! ಆ ಸ್ನೇಹಪರತೆ ಕಂಡು 'ಮಗು ಚೂಟಿಯಾಗಿದೆ' ಎಂದು ತಪಾಸಣೆ ಮುಂದೂಡುವುದೇ ಅಪಾಯ. ವರ್ಣತಂತುವಿನಲ್ಲಿ ಕಳೆದುಹೋದ ತುಣುಕನ್ನು ಪತ್ತೆಹಚ್ಚುವ ಮೈಕ್ರೊಅರೇ ರಕ್ತಪರೀಕ್ಷೆ ರೋಗವನ್ನು ಖಚಿತಪಡಿಸುತ್ತದೆ. ಕೆಲವರ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ, ವೈದ್ಯರನ್ನು ಕೇಳದೆ, ಅದನ್ನು ಇನ್ನಷ್ಟು ಏರಿಸಬಲ್ಲ ವಿಟಮಿನ್ ಡಿ ಹನಿ ಕೊಡಬೇಡಿ.