ಕಲ್ಸಂಕದ ಕೆಳಗೆ ಹರಿಯುವುದು ಇಂದ್ರಾಣಿ

ಉಡುಪಿಯ ಕಲ್ಸಂಕದಲ್ಲಿ ಬಸ್ಸಿಳಿದಾಗ ಮೂಗಿಗೆ ಬಡಿದದ್ದು ಯಾವ ಚರಂಡಿ ಅಂತ ಕೇಳಿದಿರಿ. ನನಗೆ ಬೇಸರವಾಯಿತು, ಆದರೆ ನಿಮ್ಮ ತಪ್ಪಲ್ಲ. ಅದು ನಮ್ಮ ಇಂದ್ರಾಣಿ ತೋಡು, ಅಂದರೆ ಸಣ್ಣ ಹೊಳೆ. ಇಲ್ಲಿ ಸಂಕ ಅಂದರೆ ಸಣ್ಣ ಸೇತುವೆ, ಕಲ್ಲಿನದ್ದಾದರೆ ಕಲ್ಸಂಕ. ತೋಡಿಲ್ಲದೆ ಆ ಹೆಸರು ಬರುತ್ತಿತ್ತಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ನಮಗೆ ‘ತೋಡು’ ಎರಡೂ ಕಡೆ ನಡೆಯುವ ಮಾತು.

ಇಂದ್ರಾಳಿಯ ದುರ್ಗೆಯ ಗುಡಿ ಕಡೆಯಿಂದ ಇಳಿದು, ಕಲ್ಸಂಕ, ಬನ್ನಂಜೆ, ಕೊಡವೂರು, ಕಲ್ಮಾಡಿ ದಾಟಿ ಮಲ್ಪೆಯತ್ತ ಹೋಗುತ್ತದೆ.

ಮೊದಲು ಮಳೆ ನಿಂತ ಮೇಲೆ ಇಂಥ ತೋಡುಗಳಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ಅಡ್ಡ ಒಡ್ಡು, ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಮರದ ಕಂಬ ಇಷ್ಟೇ ಸಾಮಾನು, ಊರವರದ್ದೇ ಕೆಲಸ. ಮಳೆಗಾಲದ ಏಣೆಲು ಭತ್ತದ ಬೆಳೆಗೆ ನೀರಿನ ಚಿಂತೆಯಿಲ್ಲ. ಆಮೇಲಿನ ಎರಡನೇ ಬೆಳೆ ಸುಗ್ಗಿಗೆ, ಮೂರನೇ ಬೆಳೆ ಕೊಳಕೆಗೆ ಕಟ್ಟದ ನೀರೇ ಗತಿ. ನಿಂತ ನೀರು ಮೆಲ್ಲಗೆ ಇಲ್ಲಿನ ತೂತುತೂತಾದ ಕೆಂಪು ಮುರಕಲ್ಲಿನೊಳಗೆ ಇಳಿದು ಬಾವಿಗಳ ಒರತೆಗೂ ಸೇರುತ್ತಿತ್ತು. ಸಮುದ್ರದ ಹತ್ತಿರ ಕಟ್ಟದಿಂದ ಇನ್ನೊಂದು ಉಪಕಾರ: ಭರತದಲ್ಲಿ, ಅಂದರೆ ಕಡಲು ಉಬ್ಬುವಾಗ, ಏರುವ ಉಪ್ಪುನೀರು ಗದ್ದೆಗೆ ನುಗ್ಗುತ್ತಿರಲಿಲ್ಲ.

ಹಾಗಾದರೆ ಈಗಲೂ ಕಟ್ಟ ಹಾಕಿ ಅನ್ನುತ್ತೀರಿ. ಅಲ್ಲೇ ಇರುವುದು ಕಷ್ಟ. ಪೇಟೆಯ ಕೊಳಚೆ ಹರಿಯುವ ತೋಡಿಗೆ ಕಟ್ಟ ಹಾಕಿದರೆ ಕೊಳಚೆಯನ್ನೇ ಬಾವಿಗೆ ಇಳಿಸಿದ ಹಾಗೆ. ನೀರನ್ನು ಉಳಿಸಿದ ಅದೇ ಮುರಕಲ್ಲು ಕೊಳಕನ್ನೂ ಒಳಗೆ ಬಿಡುತ್ತದೆ. ಒಂದು ಬೇಸಿಗೆಯಲ್ಲಿ ಅಮ್ಮ ಕೊಡಪಾನದ ನೀರನ್ನು ಅಂಗೈಗೆ ಹಾಕಿ ಮೂಸಿದರು. ಏನೂ ಹೇಳಲಿಲ್ಲ. ಇಡೀ ಕೊಡಪಾನವನ್ನು ಬಸಳೆಯ ಬುಡಕ್ಕೆ ಸುರಿದು, ಪಕ್ಕದ ಮನೆಗೆ ಕುಡಿಯುವ ನೀರು ಕೇಳಲು ಹೋದರು. ಬಾವಿಯಿರುವ ಮನೆಯವರು ಕೊಡ ಹಿಡಿದು ಹೋಗುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಗೊತ್ತು.

2020ರ ಸೆಪ್ಟೆಂಬರಿನಲ್ಲಿ ನೆರೆ ಬಂದು ಕಲ್ಸಂಕ, ಬನ್ನಂಜೆ ಮುಳುಗಿದವು. ತಗ್ಗಿನ ಗದ್ದೆಗಳಿಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದರೆ ನೀರು ಎಲ್ಲಿಗೆ ಹೋಗಬೇಕು?

ಬರೀ ಹೂಳೆತ್ತಿ, ಎರಡು ಬದಿ ಕಾಂಕ್ರೀಟ್ ಗೋಡೆ ಕಟ್ಟಿದರೆ ತೋಡು ಉಳಿಯುವುದಿಲ್ಲ. ಮೊದಲು ಕೊಳಚೆ ಬಿಡುವ ಪೈಪುಗಳು ಮುಚ್ಚಬೇಕು, ಉಳಿದಿರುವ ಗದ್ದೆಗಳನ್ನು ಮುಟ್ಟಬಾರದು. ಕಟ್ಟ ಆಮೇಲೆ. ಕಟ್ಟುವುದು ಗೊತ್ತಿರುವ ಹಿರಿಯರು ನಮ್ಮ ಓಣಿಯಲ್ಲಿ ಇನ್ನೂ ಇಬ್ಬರಿದ್ದಾರೆ.