ಹೆಮ್ಮೆ ಪಡಲು ಸ್ಪ್ಯಾನಿಷ್ ಬರಲೇಬೇಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಾನು ಆಪ್ತಸಲಹೆಗಾರ್ತಿಯಾಗಿರುವ ಕ್ಯಾಲಿಫೋರ್ನಿಯಾದ ಕಾಲೇಜಿನ ವಿದ್ಯಾರ್ಥಿನಿ ಆಕೆ, ವಯಸ್ಸು 19. ಅಜ್ಜ ಮೆಕ್ಸಿಕೋದಿಂದ ಹೊಲದ ಕೂಲಿಗೆ ಬಂದವರು. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಅಮೆರಿಕದಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರ) ಪರಂಪರೆಯ ಮಾಸ. 1968ರಲ್ಲಿ ವಾರದ ಆಚರಣೆಯಾಗಿದ್ದದ್ದು 1988ರಲ್ಲಿ ತಿಂಗಳಿಗೆ ಬೆಳೆಯಿತು. ಕಾಲೇಜಿನ ಸಮಾರಂಭದಲ್ಲಿ ಮನೆತನದ ಕುರಿತು ಮಾತನಾಡಲು ಒಪ್ಪಿಕೊಂಡ ದಿನದಿಂದ ಹುಡುಗಿಗೆ ನಿದ್ದೆಯಿಲ್ಲ.

"ನನ್ನ ಸ್ಪ್ಯಾನಿಷ್ ಕೇಳಿದರೆ ಚಿಕ್ಕಪ್ಪನ ಮಕ್ಕಳೇ ನಗುತ್ತಾರೆ. ಕಸೂತಿ ಅಂಗಿ ತೊಟ್ಟು ವೇದಿಕೆಯಲ್ಲಿ ನಿಂತರೆ ವೇಷ ಕಟ್ಟಿದ ಹಾಗಾಗುತ್ತದೆ," ಎಂದಳು.

ಮನೆಯಲ್ಲಿ ಸ್ಪ್ಯಾನಿಷ್ ನಿಲ್ಲಿಸಿದ್ದು ಅವಳ ತಂದೆ. ಶಾಲೆಯಲ್ಲಿ ಸ್ಪ್ಯಾನಿಷ್ ಮಾತನಾಡಿದ್ದಕ್ಕೆ ಬೈಸಿಕೊಂಡು ಬೆಳೆದವರು. ಮಕ್ಕಳಿಗೆ ಆ ಪಾಡು ಬೇಡವೆಂದು ಇಂಗ್ಲಿಷ್ ಒಂದನ್ನೇ ಉಳಿಸಿದರು. ಅಜ್ಜನ ಕೆಲಸದ ಮಾತು ಬಂದರೆ ಟೀವಿಯ ದನಿ ಏರಿಸುತ್ತಾರಂತೆ. ಮಗಳು ಅದನ್ನು ತಿರಸ್ಕಾರವೆಂದು ತಿಳಿದಿದ್ದಳು. ನನಗೆ ಕಂಡದ್ದು ಹೆದರಿಕೆ. (ಇಲ್ಲಿನ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಬಾರದಿದ್ದರೆ ನಾವು ಮಕ್ಕಳನ್ನೇ ಗದರುತ್ತೇವೆ, ಕಲಿಸದವರು ಯಾರೆಂದು ಕೇಳಿಕೊಳ್ಳುವುದಿಲ್ಲ.)

ಅಜ್ಜ ಬಂದದ್ದು ಬ್ರಸೇರೋ ಯೋಜನೆಯಲ್ಲಿ. 1942ರಿಂದ 1964ರವರೆಗೆ ನಡೆದ, ಅಮೆರಿಕ ಮತ್ತು ಮೆಕ್ಸಿಕೋ ಸರ್ಕಾರಗಳ ಈ ಒಪ್ಪಂದದಲ್ಲಿ ಸುಮಾರು 46 ಲಕ್ಷ ಕೂಲಿ ಕರಾರುಗಳಾದವು. ಗಡಿಯಲ್ಲಿ ಬಂದವರನ್ನು ಬಟ್ಟೆ ಬಿಚ್ಚಿಸಿ, ಡಿಡಿಟಿ ಕೀಟನಾಶಕ ಎರಚಿ ಒಳಗೆ ಬಿಡುತ್ತಿದ್ದುದೂ ಉಂಟು. ಇಂಥದ್ದನ್ನು ಯಾವ ಮಗ ಊಟದ ಮೇಜಿನ ಮೇಲೆ ತರುತ್ತಾನೆ?

ನನ್ನ ಮೊದಲ ಸಲಹೆ: ತಂದೆಯನ್ನು ಪ್ರಶ್ನಿಸಬೇಡಿ, ಅಜ್ಜಿಯ ಬಳಿ ಕುಳಿತುಕೊಳ್ಳಿ. "ಆಗ ನಿಮಗೆ ಹೇಗನಿಸುತ್ತಿತ್ತು" ಎಂದು ಕೇಳಬೇಡಿ. ಅಜ್ಜ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಬುತ್ತಿಗೆ ಏನು ಕಟ್ಟುತ್ತಿದ್ದಿರಿ, ಕೈಯಲ್ಲಿ ಯಾವ ಸಲಕರಣೆ ಇತ್ತು ಎಂದು ಕೇಳಿ. ಅದಕ್ಕೆ ನಿಮಗೆ ಬರುವಷ್ಟು ಸ್ಪ್ಯಾನಿಷ್ ಧಾರಾಳವಾಯಿತು.

ಮುಂದಿನ ಭೇಟಿಗೆ ಬಂದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಗ್ಯಾರೇಜಿನಲ್ಲಿ ಸಿಕ್ಕ ಗುದ್ದಲಿ; ಹಿಡಿ ಒಂದಡಿಯ ಆಸುಪಾಸು, ಕೈ ಊರುವಲ್ಲಿ ಮರ ಸವೆದು ಕಪ್ಪಾಗಿದೆ. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಲೆಟ್ಯೂಸ್ ಸೊಪ್ಪಿನ ಸಸಿಗಳ ನಡುವೆ ದಿನವಿಡೀ ಬಗ್ಗಿಯೇ ಬಳಸಬೇಕಾಗಿದ್ದ ಗುದ್ದಲಿ ಅದು. ಸೊಂಟ ನೇರ ಮಾಡಿದವನು ಕೆಲಸ ಬಿಟ್ಟವನೆಂದು ಮೇಸ್ತ್ರಿಗೆ ದೂರದಿಂದಲೇ ತಿಳಿಯುತ್ತಿತ್ತು. ಈ ಗುದ್ದಲಿಯ ವಿರುದ್ಧ ಕೂಲಿಕಾರರೇ ವಕೀಲರನ್ನು ಹಿಡಿದು ಹೋರಾಡಿದರು. 1975ರಲ್ಲಿ ಕ್ಯಾಲಿಫೋರ್ನಿಯಾ ಅದರ ಬಳಕೆ ನಿಲ್ಲಿಸಿತು. ಅಜ್ಜ ಮುದಿತನದಲ್ಲಿ ಯಾಕೆ ಬಾಗಿ ನಡೆಯುತ್ತಿದ್ದರೆಂಬುದು ಅವಳಿಗೆ ಆಗ ಹೊಳೆಯಿತು. ಕಸೂತಿ ಅಂಗಿಯ ಸುದ್ದಿ ಆಮೇಲೆ ಬರಲೇ ಇಲ್ಲ.

ಆದರೆ ಸಿಟ್ಟು ಬಂತು. "ಇಷ್ಟು ಅವಮಾನವಾಗಿರುವಾಗ ಹೆಮ್ಮೆ ಯಾವುದಕ್ಕೆ?" ಎಂದು ಕೇಳಿದಳು. ಸಿಟ್ಟನ್ನು ನುಂಗಿಕೊಂಡು ಹೆಮ್ಮೆಪಡಬೇಕಿಲ್ಲ, ಎರಡೂ ಒಟ್ಟಿಗೆ ಇರಲಿ ಎಂದೆ. ಅವಮಾನ ಮಾಡಿದವರ ಪಾಪವನ್ನು ಅಜ್ಜನ ತಲೆಗೆ ಕಟ್ಟುವುದು ಬೇಡ. ಸಮಾರಂಭದಲ್ಲಿ ಗುದ್ದಲಿಯ ಬಗ್ಗೆ ಇಂಗ್ಲಿಷಿನಲ್ಲೇ ಮಾತನಾಡಿ. ಮನಸ್ಸಿಲ್ಲದಿದ್ದರೆ ಆಗುವುದಿಲ್ಲವೆಂದು ತಿಳಿಸಿಬಿಡಿ, ಪರಂಪರೆಗೇನೂ ಕುಂದಿಲ್ಲ ಎಂದೆ. ನಗುವ ಬಂಧುಗಳಿಗೆ, "ತಪ್ಪಿದ್ದರೆ ತಿದ್ದಿ, ನಗುವುದಾದರೆ ಆಮೇಲೆ ನಗಿ," ಎನ್ನುವುದು ಸಾಕು.

ಅವಳು ಮಾತನಾಡಿದಳು. ತಂದೆ ಹೋಗಿರಲಿಲ್ಲ. ಆದರೆ ಗುದ್ದಲಿಯನ್ನು ಎಲ್ಲಿಟ್ಟಿದ್ದೀಯ ಎಂದು ಎರಡು ಸಲ ವಿಚಾರಿಸಿದ್ದಾರಂತೆ. ಅವರನ್ನು ಇಲ್ಲಿಗೆ ಕರೆತರಲೇ ಎಂದು ಕೇಳಿದಳು. ಅವರಾಗಿಯೇ ಬರುವುದಾದರೆ ಬರಲಿ, ಎಳೆದು ತರುವುದು ಬೇಡ ಎಂದಿದ್ದೇನೆ.