ಅಲ್ಬೇನಿಯಾದಲ್ಲಿ ಗುರುತಿಲ್ಲದ ಪ್ರವಾಸಿಗರಿಗೂ ಕಾಫಿ ದುಡ್ಡು ಕೊಡಲು ಬಿಡುವುದಿಲ್ಲವಂತೆ, ಯಾಕೆ?

ಅಲ್ಲಿ ಅತಿಥಿಯನ್ನು ನೋಡಿಕೊಳ್ಳುವುದು ಮಾನದ ಪ್ರಶ್ನೆ. ಕಾಫಿಗೆ ಕರೆದವರೇ ದುಡ್ಡು ಕೊಡಬೇಕು. ನೀವು ಪರ್ಸ್ ತೆಗೆದರೆ ಅವರಿಗೆ ಮುಜುಗರ. (ಗೆಸ್ಟ್‌ಹೌಸ್ ಬಾಡಿಗೆ ಬೇರೆ ವಿಷಯ, ಅದನ್ನು ಕೊಡಲೇಬೇಕು!)

ಇದರ ಬೇರು ಉತ್ತರದ ಬೆಟ್ಟಗಳಲ್ಲಿದೆ. ಸರ್ಕಾರದ ಕೈ ಅಷ್ಟಾಗಿ ತಲುಪದ ಆ ಹಳ್ಳಿಗಳು 'ಕನೂನ್' ಎಂಬ ಬಾಯಿಮಾತಿನ ಕಟ್ಟಳೆಯಂತೆ ನಡೆಯುತ್ತಿದ್ದವು. ನಮ್ಮ 'ಕಾನೂನು' ಪದದ ನೆಂಟನೇ ಅದು. ಅದರ ಪ್ರಕಾರ ಮನೆ ದೇವರದ್ದು ಮತ್ತು ಅತಿಥಿಯದ್ದು. ದಾರಿಹೋಕ ಬಾಗಿಲು ತಟ್ಟಿದರೆ ಊಟ, ಹಾಸಿಗೆ ಕೊಡಬೇಕು. ಅವನ ಜೀವಕ್ಕೂ ಮನೆಯವರೇ ಹೊಣೆ. ಪೊಲೀಸರಿಲ್ಲದ ಕಡೆ ಪ್ರಯಾಣಿಕನಿಗೆ ಬೇರೆ ರಕ್ಷಣೆ ಏನಿತ್ತು ಹೇಳಿ? ಹೀಗೆ ಮಾತು ಕೊಟ್ಟು ಉಳಿಸಿಕೊಳ್ಳುವುದಕ್ಕೆ 'ಬೆಸಾ' ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಎಷ್ಟೋ ಕುಟುಂಬಗಳು ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ್ದೂ ಇದೇ ಬೆಸಾ ಹೆಸರಲ್ಲಿ. ಯುದ್ಧ ಮುಗಿದಾಗ ಅಲ್ಲಿ ಮೊದಲಿಗಿಂತ ಜಾಸ್ತಿ ಯಹೂದಿಗಳಿದ್ದರು.

ಮನೆಗೆ ಹೋದರೆ ರಾಕಿ, ಅಂದರೆ ಹೆಚ್ಚಾಗಿ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಮದ್ಯ, ಕೊಡುತ್ತಾರೆ. ಬೇಡವಾದರೆ ಬಾಯಿಬಿಟ್ಟು ಹೇಳಿ, ಸುಮ್ನೆ ತಲೆ ಅಲ್ಲಾಡಿಸಬೇಡಿ. ಅಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ ಸಾಮಾನ್ಯವಾಗಿ 'ಹೌದು' ಅಂತ ಅರ್ಥ. ಲೋಟ ಮತ್ತೆ ತುಂಬುತ್ತದೆ.